ಅರೆಯಬೇಕೋ, ರುಬ್ಬಬೇಕೋ?

ಈಚೆಗೆ ಯಾವ ಅಡುಗೆ ವಿಡಿಯೊ ನೋಡಿದರೂ ಕಿವಿಗೆ ಬೀಳುವುದು ಒಂದೇ ಮಾತು: ‘ಎಲ್ಲ ಹಾಕಿ ಗ್ರೈಂಡ್ ಮಾಡ್ಕೊಳ್ಳಿ.’ ಹುಳಿಯ ಮಸಾಲೆಗೂ ಅದೇ, ದೋಸೆಯ ಉದ್ದಿಗೂ ಅದೇ, ಚಟ್ನಿಪುಡಿಗೂ ಅದೇ. ಇಂಗ್ಲಿಷ್ ಪದ ಬಂತೆಂದು ನನಗೆ ಬೇಸರವಿಲ್ಲ. ಕುಕ್ಕರು, ಮಿಕ್ಸಿ ನಮ್ಮವೇ ಆಗಿ ಎಷ್ಟೋ ಕಾಲವಾಯಿತು. ಈ ಒಂದು ಪದ ಐದಾರು ಪದಗಳನ್ನು ನುಂಗಿತಲ್ಲ ಎಂಬುದೇ ಸಂಕಟ. ಆ ಐದಾರೂ ಬೇರೆ ಬೇರೆ ಕೆಲಸದ ಹೆಸರುಗಳು.

ಶುಂಠಿಯನ್ನು ಜಜ್ಜುತ್ತೇವೆ. ನಾರು ಬಿಚ್ಚಿ ರಸ ಬಿಟ್ಟರೆ ಸಾಕು. ರಾಗಿ, ಜೋಳವನ್ನು ಬೀಸುತ್ತೇವೆ. ಅದು ಒಣಕಾಳಿನ ಕೆಲಸ. ಮಸಾಲೆಯನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು ಹಿಂದೆ ಮುಂದೆ ಉಜ್ಜಿ ಅರೆಯುತ್ತೇವೆ. ಇನ್ನು ರುಬ್ಬುವುದು: ನೆನೆದ ಉದ್ದಿನಬೇಳೆ, ಕೈಯಿಂದ ಚಿಮುಕಿಸುವ ನೀರು, ನಿಧಾನವಾಗಿ ಹೊರಳುವ ಗುಂಡುಕಲ್ಲು. ಹೊರಳುವಾಗ ಹಿಟ್ಟಿನೊಳಗೆ ಗಾಳಿ ಸೇರುತ್ತದೆ, ಹಿಟ್ಟು ಉಬ್ಬಿ ಬರುತ್ತದೆ. ಒಂದು ಚಿಟಿಕೆ ತೆಗೆದು ನೀರಿಗೆ ಹಾಕಿದರೆ ತೇಲಬೇಕು. ತೇಲಿತೆಂದರೆ ಇಡ್ಲಿ ಹೂವಿನಂತಾಗುತ್ತದೆ. ಟೇಬಲ್ ಗ್ರೈಂಡರಿನಲ್ಲಿ ಒರಳೇ ತಿರುಗಿದರೂ ಕಲ್ಲಿಗೆ ಕಲ್ಲು ತಾಗುತ್ತದೆ. ಹಾಗಾಗಿ ಅದನ್ನೂ ರುಬ್ಬುವುದೆಂದೇ ಒಪ್ಪುತ್ತೇನೆ. ಮಿಕ್ಸಿಯ ಬ್ಲೇಡು ಮಾತ್ರ ಕತ್ತರಿಸುತ್ತದೆ, ಜೊತೆಗೆ ಬಿಸಿ ಮಾಡುತ್ತದೆ.

ಕುಟ್ಟುವುದರ ಮಹಿಮೆ ತಿಳಿಯಬೇಕಾದರೆ ಉತ್ತರ ಕರ್ನಾಟಕದ ಶೇಂಗಾ ಹಿಂಡಿ ತಿನ್ನಬೇಕು. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರದಪುಡಿ, ಉಪ್ಪು; ಸಾಮಗ್ರಿ ಇಷ್ಟೇ. ಒಳ್ಳಿನಲ್ಲಿ ಹಾಕಿ ಏಟಿನ ಮೇಲೆ ಏಟು ಕೊಟ್ಟಂತೆ ಶೇಂಗಾ ತನ್ನ ಎಣ್ಣೆ ತಾನೇ ಬಿಟ್ಟು ಮುದ್ದೆಗಟ್ಟುತ್ತದೆ, ಬೆಳ್ಳುಳ್ಳಿ ಅದರೊಳಗೆ ಇಳಿಯುತ್ತದೆ. ಅದನ್ನೇ ಮಿಕ್ಸಿಯಲ್ಲಿ ತಿರುವಿದರೆ ಬರೀ ಪುಡಿ. ಹೋಳಿಗೆಯ ಹೂರಣವೂ ಹಾಗೆಯೇ. ಕಲ್ಲಿಗೆ ನೀರು ಬೇಡ, ಬೆಲ್ಲದ ಪಸೆಯೇ ಸಾಕು. ಮಿಕ್ಸಿ ತಿರುಗಲೆಂದು ನೀರು ಬೆರೆಸಿದಿರೋ, ಹೂರಣ ಸಡಿಲವಾಗಿ ಕಣಕ ಹರಿಯುತ್ತದೆ.

ಊರೂರಿಗೆ ಪದ ಬದಲಾಗುವುದು ಇನ್ನೊಂದು ಸೊಗಸು. ಮೈಸೂರಿನಿಂದ ಪುತ್ತೂರಿಗೆ ಸೊಸೆಯಾಗಿ ಹೋದ ನನ್ನ ಗೆಳತಿಗೆ ಅತ್ತೆ ‘ಕಾಯಿ ಕಡೆದಿಡು’ ಎಂದರಂತೆ. ಇವಳಿಗೆ ಕಡೆಯುವುದೆಂದರೆ ಮೊಸರು, ಕಡಗೋಲು. ಅಲ್ಲಿ ಮಸಾಲೆಯನ್ನೂ ಕಡೆಯುತ್ತಾರೆ. ಕಲ್ಲಿನ ಹೆಸರೇ ಕಡೆಯುವ ಕಲ್ಲು.

ಅಡುಗೆಯನ್ನು ಮಾತಿನಲ್ಲಿ ಹಿಡಿದಿಡುವುದು ಕನ್ನಡಕ್ಕೆ ಹೊಸದೇನಲ್ಲ. 1025ರ ಹೊತ್ತಿಗೇ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಕ್ಕೆ ಜಾಗ ಸಿಕ್ಕಿತ್ತು, 16ನೇ ಶತಮಾನದ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಅಂಥ ನುಡಿಯಲ್ಲಿ ‘ನುಣ್ಣಗೆ’, ‘ತರಿತರಿಯಾಗಿ’ ಎನ್ನಲೂ ಇಂದು ತಡವರಿಸುತ್ತಿದ್ದೇವೆ.

ಕಲ್ಲನ್ನು ಮತ್ತೆ ಅಡುಗೆಮನೆಗೆ ಹೊತ್ತು ತನ್ನಿ ಎನ್ನಲಾರೆ. ಅದರ ಮುಂದೆ ಕೂತು ತೋಳು ಸೋಲಿಸಿಕೊಂಡವರು ಯಾರೆಂದು ನಮಗೆ ಗೊತ್ತಿದೆ. ನಾನು ಕೇಳುವುದು ಇಷ್ಟೇ: ಅಮ್ಮನ ಅಥವಾ ಅಜ್ಜಿಯ ಕೈಯಡುಗೆಯನ್ನು ಬರೆದುಕೊಳ್ಳುವಾಗ ಅಳತೆಯ ಜೊತೆಗೆ ಅವರ ಬಾಯಿಂದ ಬಂದ ಕ್ರಿಯಾಪದವನ್ನೂ ಹಾಗೆಯೇ ಬರೆದುಕೊಳ್ಳಿ. ಅವರು ‘ಕುಟ್ಟು’ ಎಂದಿದ್ದರೆ ‘ಕುಟ್ಟು’ ಎಂದೇ ಇರಲಿ.