ದಶಮಾಂಶವಿದ್ದ ಮಾತ್ರಕ್ಕೆ ನಿಖರವೇ?

ಇಂಡಿಯ ಹಳೆಯ ಮನೆಯೊಂದನ್ನು ಟೇಪಿನಿಂದ ಅಳೆದು, ಅಂಕಿಗಳನ್ನಷ್ಟೇ ದೂರದ ನಗರದ ನಕ್ಷೆಗಾರರಿಗೆ ಕಳಿಸಿದಿರಿ ಎನ್ನಿ. ಮರಳಿ ಬಂದ ಕ್ಯಾಡ್ ನಕ್ಷೆಯಲ್ಲಿ ಉದ್ದಗಳು ಮಿಲಿಮೀಟರಿನವರೆಗೂ ನಮೂದಾಗಿರುತ್ತವೆ. ಆದರೆ ಟೇಪಿನ ಅಳತೆಯೇ ಒಂದು ಸೆಂಟಿಮೀಟರ್ ತಪ್ಪಿದ್ದರೆ ಗಣಕ ಅದನ್ನು ತಿದ್ದಲಾರದು. ಮನೆಯನ್ನು ಕಾಣದವರು ಮೂಲೆಗಳೆಲ್ಲ 90 ಡಿಗ್ರಿ ಎಂದೇ ಭಾವಿಸುತ್ತಾರೆ. ಮೂಲೆ ಒಂದು ಡಿಗ್ರಿ ವಾಲಿದರೂ 10 ಮೀಟರ್ ಗೋಡೆಯ ತುದಿ ಸುಮಾರು 17 ಸೆಂಟಿಮೀಟರ್ ಸರಿಯುತ್ತದೆ! ‘10.5 ಅಡಿ’ ಎಂದರೆ 10 ಅಡಿ 6 ಅಂಗುಲ. ಅದನ್ನು 5 ಅಂಗುಲವೆಂದು ಓದುವವರೂ ಉಂಟು. ಇಂಥ ಒಂದೊಂದು ಸಂದೇಹಕ್ಕೂ ನಕ್ಷೆ ಹೋಗಿ ಬರುತ್ತದೆ, ದಿನಗಳು ಕಳೆಯುತ್ತವೆ. ವಿಳಂಬಕ್ಕೆ ನಕ್ಷೆಗಾರರನ್ನಷ್ಟೇ ದೂರುವುದು ಸರಿಯಲ್ಲ. ನಾವು ಕೋಣೆಯ ಕರ್ಣಗಳನ್ನು ಅಳೆದಿದ್ದೆವೇ? ನಮ್ಮ ಗವಂಡಿಗಳು 3-4-5ರ ಲೆಕ್ಕದಿಂದ ಮೂಲೆಯನ್ನು ಪರೀಕ್ಷಿಸಿಯೇ ದಾರ ಕಟ್ಟುತ್ತಾರೆ. ನಿಮ್ಮ ತರಗತಿಯ ಎರಡೂ ಕರ್ಣಗಳನ್ನು ಅಳೆದು ನೋಡಿ. ಎದುರು ಗೋಡೆಗಳು ಸಮವಿದ್ದೂ ಕರ್ಣಗಳು ಬೇರೆಯಾದರೆ ಮೂಲೆಗಳು ಲಂಬವಲ್ಲ.