ಲಗ್ನದ ಹಂದರದಲ್ಲಿ ಸನಾದಿ ಕೇಳುವವರಿಗೆ

ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಲಗ್ನದಲ್ಲಿ ಸನಾದಿ, ಅಂದರೆ ಶಹನಾಯಿ, ಕೇಳಬೇಕೆಂದು ಅಕ್ಕಿಕಾಳಿನ ಹೊತ್ತಿಗೆ ಹೋದರೆ ತಡವಾಯಿತೆಂದೇ ಅರ್ಥ. ಆಗ ಗಟ್ಟಿಮೇಳ. ಎಲ್ಲರೂ ಒಮ್ಮೆಲೇ ಜೋರಾಗಿ ಬಾರಿಸುವುದು ಮುಹೂರ್ತಕ್ಕೆ ಬೇಕಾದದ್ದು, ಅದರೊಳಗೆ ರಾಗ ಹುಡುಕಬಾರದು. ಮುಂಜಾನೆಯೇ ಹೋಗಿ. ಕುಂಬಾರರ ಮನೆಯಿಂದ ಐರಣಿ ತರುವಾಗ, ಸುರಗಿ ಸುತ್ತಿ ನೀರೆರೆಯುವಾಗ ಊದುವವರಿಗೆ ಅವಸರವಿರುವುದಿಲ್ಲ. ಒಂದು ಸ್ವರದ ಮೇಲೆ ನಿಲ್ಲಲು, ಮುಂದಿನ ಸ್ವರಕ್ಕೆ ತಡೆದು ತಡೆದು ಹೋಗಲು ಅವರಿಗೆ ಪುರುಸೊತ್ತು ಸಿಗುವುದು ಆಗಲೇ. ವಾದ್ಯದ ಬಾಯಿಗೆ ಎದುರಾಗಿ ನಿಂತರೆ ಕಿವಿ ದಣಿಯುತ್ತದೆ. ಹತ್ತು ಹೆಜ್ಜೆ ದೂರ, ಮಗ್ಗುಲಿಗೆ ನಿಂತುಕೊಳ್ಳಿ.

ಮೊದಲು ಗಮನಿಸಬೇಕಾದದ್ದು ಪೀಪಿ. ಜೊಂಡಿನ ಎರಡು ತೆಳು ಎಸಳುಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ್ದು ಅದು. ಅವೆರಡರ ನಡುವಿನ ಸೀಳಿನಲ್ಲಿ ಉಸಿರು ಹಾದಾಗ ನಾದ ಹುಟ್ಟುತ್ತದೆ. ಒಣಗಿದ ಪೀಪಿ ಸರಿಯಾಗಿ ನುಡಿಯದು. ಅದಕ್ಕೇ ಊದುವ ಮೊದಲು ಬಾಯಲ್ಲಿಟ್ಟು ನೆನೆಸುತ್ತಾರೆ, ಒಂದು ಕೈಕೊಟ್ಟರೆ ಇನ್ನೊಂದಿರಲೆಂದು ಬಿಡಿ ಪೀಪಿಗಳನ್ನು ವಾದ್ಯಕ್ಕೇ ದಾರದಲ್ಲಿ ಇಳಿಬಿಟ್ಟಿರುತ್ತಾರೆ. ಕೆಳಗಿನ ಮರದ ಕೊಳವೆ ಇಳಿಯುತ್ತ ಅಗಲವಾಗಿ ಲೋಹದ ಬಾಯಿಯಲ್ಲಿ ತೆರೆದುಕೊಳ್ಳುತ್ತದೆ. ಈ ಆಕಾರದಿಂದಾಗಿ ಬೆರಳು ಕದಲಿಸದೆ ಉಸಿರು ಬಿಗಿದರೂ ಸ್ವರ ನೇರವಾಗಿ ಮೇಲಿನ ಸಪ್ತಕಕ್ಕೆ ಏರುತ್ತದೆ. ಬ್ಯಾಂಡಿನವರ ಕ್ಲಾರಿನೆಟ್ಟಿಗೆ ಒಂದೇ ಎಸಳಿನ ಪೀಪಿ, ಹೆಚ್ಚುಕಡಿಮೆ ಒಂದೇ ಅಗಲದ ಕೊಳವೆ. ಅದು ಸಪ್ತಕ ದಾಟಿ ಮೇಲಿನ ಪಂಚಮಕ್ಕೇ ಜಿಗಿಯುತ್ತದೆ.

ಈಗ ಮುಖ್ಯ ವಾದಕರ ಪಕ್ಕದಲ್ಲಿ ಕೂತು ಊದುವವರಿಗೆ ಕಿವಿಗೊಡಿ. ಅವರು ನುಡಿಸುವುದು ಒಂದೇ ಸ್ವರ, ಷಡ್ಜ. ಹೊಸಬರು ಅವರನ್ನು ಲೆಕ್ಕಕ್ಕೇ ಇಡುವುದಿಲ್ಲ. ನಾನಾದರೆ ಕೇಳುವುದನ್ನು ಅವರಿಂದಲೇ ಶುರುಮಾಡಿ ಎನ್ನುತ್ತೇನೆ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಒತ್ತುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುವುದರಿಂದ ಆ ಶ್ರುತಿ ಕಡಿಯುವುದೇ ಇಲ್ಲ. ಐದು ನಿಮಿಷ ಅದರ ಮೇಲೆ ಕಿವಿಯಿಟ್ಟರೆ, ಮುಖ್ಯ ವಾದಕರ ಸ್ವರ ಎಷ್ಟು ದೂರ ಹೋಯಿತು, ಯಾವಾಗ ಮನೆಗೆ ಮರಳಿತು ಎಂಬುದು ತಾನಾಗಿ ತಿಳಿಯತೊಡಗುತ್ತದೆ. ರಾಗದ ಹೆಸರು ಗೊತ್ತಿರಬೇಕಿಲ್ಲ.

ಆಮೇಲೆ ಬೆರಳು ನೋಡಿ. ರಂಧ್ರಗಳು ಏಳೋ ಎಂಟೋ ಇರುತ್ತವೆ, ಆದರೆ ಕೇಳಿಸುವ ಸ್ವರಗಳು ಅಷ್ಟಕ್ಕೇ ಮುಗಿಯುವುದಿಲ್ಲ. ರಂಧ್ರವನ್ನು ಅರೆ ತೆರೆದು, ಪೀಪಿಯ ಮೇಲೆ ತುಟಿ ಬಿಗಿದು ಸಡಿಲಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಎಲ್ಲೂ ಮುರಿಯದೆ ಜಾರುತ್ತಾರೆ. ಹಿಂದೂಸ್ತಾನಿಯವರ ಮೀಂಡ್ ಇದೇ. ಒಳ್ಳೆಯ ವಾದಕರನ್ನು ಗುರುತಿಸಲು ನನಗೆ ಈ ಜಾರುವಿಕೆಯೇ ಅಳತೆಗೋಲು. ವೇಗದ ತಾನುಗಳಿಗೆ ಮರುಳಾಗಬೇಡಿ.

ರಾಯಚೂರು ಜಿಲ್ಲೆಯ ರಸಿಕರಿಗೆ ಒಂದು ಭಾಗ್ಯವಿದೆ. ಇದು ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ನೆಲ. ತುಂಗಭದ್ರೆ ದಾಟಿದರೆ ತೆಲುಗು ಸೀಮೆ, ಅಲ್ಲಿ ನಾಗಸ್ವರ, ಡೋಲು. ಇಲ್ಲಿಯ ಸನಾದಿ, ಅಲ್ಲಿಯ ನಾಗಸ್ವರ ಎರಡನ್ನೂ ಒಂದೇ ವಾರದಲ್ಲಿ ಕೇಳಬಹುದು, ಕೇಳಲೇಬೇಕು. ನಾಗಸ್ವರ ಎರಡೂವರೆ ಅಡಿಗೂ ಮೀರಿದ ಉದ್ದದ್ದು, ಗುಡಿಯ ಬಯಲು ತುಂಬುವ ಗಟ್ಟಿ ದನಿ. ಗಮಕಗಳ ಒತ್ತಿನಲ್ಲಿ ರಾಗ ಕಟ್ಟುತ್ತದೆ. ಸನಾದಿ ಗಿಡ್ಡ, ದನಿಯೂ ಮೆತ್ತಗೆ, ಕೊರಳಿಗೆ ಹತ್ತಿರ.

ಮನೆಯಲ್ಲಿ ಕೇಳುವವರು ಬಿಸ್ಮಿಲ್ಲಾ ಖಾನರಿಂದ (1916–2006) ಆರಂಭಿಸಲಿ. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜ್‌ಕುಮಾರ್ ತೆರೆಯ ಮೇಲೆ ಊದುವಾಗ ಕೇಳಿಸುವುದು ಖಾನರದೇ ಶಹನಾಯಿ. ಕಥೆ ಕೃಷ್ಣಮೂರ್ತಿ ಪುರಾಣಿಕರದು. ಚಿತ್ರ ಎಷ್ಟು ಸಲ ನೋಡಿದ್ದರೂ ಒಮ್ಮೆ ಕಣ್ಣು ಮುಚ್ಚಿ ಅದರ ವಾದನವನ್ನಷ್ಟೇ ಕೇಳಿ. ಆಮೇಲೆ ವಿ.ಜಿ. ಜೋಗರ ಪಿಟೀಲಿನೊಂದಿಗಿನ ಖಾನರ ಜುಗಲ್‌ಬಂದಿ. ತಂತಿ ಎಲ್ಲಿ ಮುಗಿದು ಉಸಿರು ಎಲ್ಲಿ ಶುರುವಾಯಿತೆಂದು ಕೆಲವೆಡೆ ಹೇಳಲಾಗುವುದಿಲ್ಲ. ಮಂಗಳವಾದ್ಯವೆಂದ ಮಾತ್ರಕ್ಕೆ ಇದಕ್ಕೆ ಸಂತೋಷವೊಂದೇ ಗೊತ್ತೆಂದು ತಿಳಿಯಬೇಡಿ. ಕಾಶಿಯಲ್ಲಿ ಖಾನರು ಮೊಹರಂನಲ್ಲಿ ಶೋಕಗೀತೆಗಳನ್ನು ಇದೇ ವಾದ್ಯದಲ್ಲಿ ನುಡಿಸುತ್ತಿದ್ದರು.

ಉತ್ತರ ಕರ್ನಾಟಕದ ಕರಡಿ ಮಜಲಿನಲ್ಲಿ ಸಿಗುವ ಸನಾದಿಯದು ಬೇರೆಯೇ ಚೆಲುವು. ಅಲ್ಲಿ ಕರಡಿ ವಾದ್ಯದ ಪೆಟ್ಟು, ತಾಳದ ಝಣತ್ಕಾರಗಳ ಮೇಲೆ ಅದು ಚಿಕ್ಕ ಚಿಕ್ಕ ಸಾಲುಗಳನ್ನು ಮತ್ತೆ ಮತ್ತೆ ನುಡಿಸುತ್ತದೆ. ಆಲಾಪ ನಿರೀಕ್ಷಿಸದೆ, ಅದೇ ಸಾಲು ಪ್ರತಿ ಸಲ ಎಲ್ಲಿ ಚೂರು ಬದಲಾಯಿತೆಂದು ಹಿಡಿಯಿರಿ.

ಈ ವಿದ್ಯೆಯನ್ನು ಇಲ್ಲಿ ತಲೆಮಾರುಗಳಿಂದ ಕಾಪಾಡಿದವರಲ್ಲಿ ಭಜಂತ್ರಿ ಮನೆತನಗಳು ಮುಖ್ಯ. ಹಂದರದ ಮೂಲೆಯಲ್ಲಿ ಕೂರಿಸಿ, ಪಂಕ್ತಿ ಮುಗಿದ ಮೇಲೆ ಊಟಕ್ಕೆ ಕರೆಯುವ ಪದ್ಧತಿ ನನಗೆ ಸಹಿಸಲಾಗದ್ದು. ನಿಮ್ಮ ಮನೆಯ ಕಾರ್ಯವಾದರೆ ಅವರನ್ನು ಮುಂದೆ ಕೂರಿಸಿ, ಡಿಜೆಯವರಿಗೆ ಅರ್ಧ ಗಂಟೆ ಸುಮ್ಮನಿರಲು ಹೇಳಿ, ‘ನಿಮಗೆ ಇಷ್ಟವಾದದ್ದನ್ನು ಊದಿರಿ’ ಎಂದು ಕೇಳಿಕೊಳ್ಳಿ. ಹಿಂದಿನ ದಿನವೇ ಹೇಳಿದ್ದರೆ ಒಳ್ಳೆಯ ಪೀಪಿ ಆರಿಸಿಕೊಂಡು ಬರುತ್ತಾರೆ.