ಮ್ಯಾಕ್‌ಬೆತ್‌ಗೆ ಮರುಗುವ ನಾವು
ರುಮೇನಿಯಾದ ಸರ್ವಾಧಿಕಾರಿ ಚೌಷೆಸ್ಕುವನ್ನು ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ಗೆ ಹೋಲಿಸುವವರಿದ್ದಾರೆ. ಇಬ್ಬರಿಗೂ ಅಧಿಕಾರದ ದಾಹವಿದ್ದ ಹೆಂಡತಿ, ಇಬ್ಬರದೂ ದಾರುಣ ಅಂತ್ಯ. ಗಂಡ ಕೆಟ್ಟರೆ ಹೆಂಡತಿಯತ್ತ ಬೆರಳು ತೋರಿಸುವ ಚಾಳಿ ಎಲ್ಲ ಕಡೆಯೂ ಇದೆ, ಬಿಡಿ. ಉಪಪ್ರಧಾನಿಯಾಗಿದ್ದ ಎಲೆನಾ ನಿರಪರಾಧಿಯೇನಲ್ಲ. ಆದರೆ ಲೇಡಿ ಮ್ಯಾಕ್‌ಬೆತ್ ನಿದ್ದೆಗಣ್ಣಿನಲ್ಲಿ ಎದ್ದು, ಇಲ್ಲದ ರಕ್ತದ ಕಲೆ ಹೋಗಲೆಂದು ಕೈ ಉಜ್ಜುತ್ತಾಳೆ. 1989ರ ಡಿಸೆಂಬರ್ 25ರ ಆ ತರಾತುರಿಯ ವಿಚಾರಣೆಯಲ್ಲಿ ಈ ದಂಪತಿಗಳಿಂದ ಪಶ್ಚಾತ್ತಾಪದ ಒಂದು ಮಾತೂ ಬರಲಿಲ್ಲ. ಅಂದೇ ಇಬ್ಬರಿಗೂ ಗುಂಡಿಕ್ಕಿದರು.

ಮ್ಯಾಕ್‌ಬೆತ್ ಕೂಡ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸಿದವನೇ. ಆದರೂ ಅವನಿಗಾಗಿ ಮರುಗುತ್ತೇವಲ್ಲ, ಯಾಕೆ? ಅವನ ಒಳಗಿನ ಸಂಕಟ ನಮಗೆ ಕೇಳಿಸುತ್ತದೆ. ಸತ್ತ ಆ ತಾಯಿಗೆ ನಾಟಕದಲ್ಲಿ ಸಿಕ್ಕಿದ್ದು ಒಂದೇ ದೃಶ್ಯ. ಚೌಷೆಸ್ಕುವನ್ನು ದುರಂತ ನಾಯಕನೆಂದರೆ ಅವನಿಂದ ಸತ್ತವರಿಗೆ ಅಷ್ಟೂ ಸಿಗುವುದಿಲ್ಲ. 1966ರಲ್ಲಿ ಅವನು ಗರ್ಭಪಾತ ನಿಷೇಧಿಸಿದ. ನಾಲ್ಕು ಮಕ್ಕಳ ತಾಯಂದಿರು, 45 ದಾಟಿದವರು, ಇಂಥ ಕೆಲವರಿಗಷ್ಟೇ ವಿನಾಯಿತಿ. ಕದ್ದುಮುಚ್ಚಿ ಬಸಿರು ತೆಗೆಸಿಕೊಳ್ಳಲು ಹೋಗಿ ಸಾವಿರಾರು ಹೆಂಗಸರು ಸತ್ತರು. ಎಷ್ಟೋ ಮಕ್ಕಳು ಅನಾಥಾಲಯ ಸೇರಿದವು. ಅವನು ಸತ್ತ ಮೇಲೆ, ಅದೇ ಡಿಸೆಂಬರಿನಲ್ಲಿ, ಹೊಸ ಸರ್ಕಾರ ಮೊದಮೊದಲು ಕಿತ್ತುಹಾಕಿದ ಕಾನೂನುಗಳಲ್ಲಿ ಅದೂ ಒಂದು.